ಮಾದಪ್ಪನ ಸಾಲ

ನೀರು ಮೊಣಕಾಲಿಗಿದ್ದಾಗ ಬರೀ ತಣ್ಣಗಿತ್ತು. ತೊಡೆಗೆ ಬಂದಾಗ ಅದಕ್ಕೂ ತೂಕವಿದೆ ಎಂದು ಗೊತ್ತಾಯಿತು. ಈಗ ಸೊಂಟದವರೆಗೂ ಕಾವೇರಿ. ತಲೆಯ ಮೇಲೆ ಬಟ್ಟೆಗಂಟು, ಅದರ ಮೇಲೆ ಒಂದು ಕೈ, ಇನ್ನೊಂದು ಕೈ ಹಗ್ಗದ ಮೇಲೆ. ಕಾಲಡಿಯ ಬಂಡೆಗೆ ಪಾಚಿ ಹಿಡಿದಿದೆ. ಹೆಬ್ಬೆರಳಿನಿಂದ ತಡಕಿ ಒಂದು ಬಿರುಕು ಸಿಕ್ಕಿದ ಮೇಲೆ ಪಾದ ಊರಬೇಕು. ಮುಂದಿನವರು ನಿಂತರೆ ನೀವೂ ನಿಲ್ಲಬೇಕು, ಹಿಂದಿನವರು ಹಗ್ಗ ಜಗ್ಗಿದರೆ ನಿಮ್ಮ ಭುಜವೂ ಆ ಕಡೆಗೆ ವಾಲುತ್ತದೆ. ದಡದಲ್ಲಿ ನಿಂತು ನೋಡಿದಾಗ ಇಷ್ಟೇನಾ ಅನ್ನಿಸಿದ್ದ ಹೊಳೆ ಇದು. ನಡುವೆ ಬಂದು ನಿಂತ ಮೇಲೆ ಎರಡು ದಡವೂ ಒಂದೇ ಸಮ ದೂರ.

ಸಂಗಮದ ಹತ್ತಿರದ ಬೊಮ್ಮಸಂದ್ರ. ಅರ್ಕಾವತಿ ಬಂದು ಕಾವೇರಿ ಸೇರುವುದು ಇಲ್ಲೇ ಪಕ್ಕದಲ್ಲಿ, ಇನ್ನೂ ಕೆಳಗೆ ಹೋದರೆ ಮೇಕೆದಾಟು. ಈ ದಡ ಕನಕಪುರ ಸೀಮೆ, ಆ ದಡ ಹನೂರು ಸೀಮೆ, ಎರಡೂ ಕಡೆ ಕಾವೇರಿ ವನ್ಯಧಾಮದ ಕಾಡು. ವರ್ಷದ ಉಳಿದ ದಿನಗಳಲ್ಲಿ ಆನೆಗೆ, ನೀರುನಾಯಿಗೆ, ಮೊಸಳೆಗೆ ಬಿಟ್ಟ ನೀರು. ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಮಾತ್ರ ಕನಕಪುರ, ರಾಮನಗರ, ಚನ್ನಪಟ್ಟಣ, ಬೆಂಗಳೂರಿನ ಕಡೆಯಿಂದ ಸಾವಿರಾರು ಜನ ಕಾಲುನಡಿಗೆಯಲ್ಲಿ ಬಂದು ಹೊಳೆಗಿಳಿಯುತ್ತಾರೆ. ಬಸ್ಸಿಲ್ಲವೆಂದಲ್ಲ. ಕೊಳ್ಳೇಗಾಲದ ಮೇಲೆ ಹೋದರೆ ಮಲೆ ಮಹದೇಶ್ವರ ಬೆಟ್ಟದ ಬುಡವೇನು, ಗುಡಿಯ ಬಾಗಿಲವರೆಗೂ ಬಸ್ಸುಂಟು. ಆದರೂ ಇವರು ಹೊಳೆ ದಾಟಿ, ಕಾಡು ದಾಟಿ, ಏಳು ಮಲೆ ಹತ್ತಿ ಮಾದಪ್ಪನ ಹತ್ತಿರ ಹೋಗಬೇಕು ಎನ್ನುವವರು. ದಡದಿಂದ ದಡಕ್ಕೆ ಹಗ್ಗ ಕಟ್ಟಿದೆ. ಅಗ್ನಿಶಾಮಕದವರು, ಪೊಲೀಸರು ನೀರಲ್ಲೇ ನಿಂತು ಒಬ್ಬೊಬ್ಬರನ್ನೇ ಮುಂದಕ್ಕೆ ಸಾಗಿಸುತ್ತಿದ್ದಾರೆ. ಯಾರೋ ಕೂಗುತ್ತಾರೆ, “ಉಘೇ ಉಘೇ!” ಹೊಳೆಯ ಉದ್ದಕ್ಕೂ ಉತ್ತರ ಬರುತ್ತದೆ, “ಮಾದಪ್ಪ!”

ನಿಮಗಿಂತ ಮುಂದೆ ಇರುವ ಆಳು ಹಗ್ಗ ಹಿಡಿದಿಲ್ಲ. ಐವತ್ತರ ಆಸುಪಾಸು, ಅಗಲವಾದ ಬೆನ್ನು, ಮೊಳಕೈವರೆಗೂ ಮಡಚಿದ ಬಿಳಿ ಅಂಗಿ. ತಂಡದ ಹುಡುಗರು ಇವರನ್ನು ‘ಬೋರ್‌ವೆಲ್ ಅಣ್ಣ’ ಅನ್ನುತ್ತಾರೆ. ನೀರಲ್ಲಿ ನಿಂತ ಪೊಲೀಸಿನವರು ಎರಡು ಸಲ ಹೇಳಿದರು, ಹಗ್ಗ ಹಿಡ್ಕೊಳ್ಳಿ ಯಜಮಾನ್ರೇ ಎಂದು. ಇವರು ಕೈ ಎತ್ತಿ, ಈಜು ಬರುತ್ತೆ ಬಿಡಿ ಎಂದರು.

ಈಜು ಬರುವವನಿಗೂ ಪಾಚಿ ಒಂದೇ. ಎಡಗಾಲು ಜಾರಿತು, ಗಂಟು ನೀರಿಗೆ ಬಿತ್ತು, ಅದನ್ನು ಹಿಡಿಯಲು ಹೋಗಿ ಬಲಗಾಲೂ ಹೋಯಿತು. ಅಷ್ಟು ದೊಡ್ಡ ದೇಹ ಒಂದು ಗಳಿಗೆಯಲ್ಲಿ ಮಲಗಿತು, ನೀರು ಕುತ್ತಿಗೆ ದಾಟಿತು. ಪೊಲೀಸಿನವರು ತಿರುಗುವಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಇವರ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದಿದ್ದಳು. ಅವಳ ಎತ್ತರ ಇವರ ಎದೆಗೆ ಬರಬೇಕು ಅಷ್ಟೆ. ಸೀರೆ ಕಚ್ಚೆ ಹಾಕಿ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಇದ್ದಾಳೆ. ಹಗ್ಗವನ್ನು ಇವರ ಅಂಗೈಗೆ ತುರುಕಿ, ಬೆರಳು ಮಡಚಿಸಿ ಹೇಳಿದಳು: “ಇಡ್ಕಳಪ್ಪ. ಇಷ್ಟು ಜನ ಇಡ್ಕಂಡವ್ರೆ, ನಿಂಗೊಬ್ಬನ್ಗೆ ಏನ್ ನಾಚ್ಕೆ?”

ಗಂಟು ಎಲ್ಲೋ ತೇಲಿಹೋಯಿತು. ಅದರಲ್ಲಿದ್ದದ್ದು ಎರಡು ಪಂಚೆ, ಟವೆಲ್ಲು, ಮಾತ್ರೆ ಡಬ್ಬಿ. ಅಣ್ಣನ ಕೈ ಮಾತ್ರ ತಕ್ಷಣ ಹೋದದ್ದು ಸೊಂಟಕ್ಕೆ. ಪಂಚೆಯ ಒಳಗೆ ಕಟ್ಟಿಕೊಂಡಿದ್ದ ಒಂದು ಹಳದಿ ಬಟ್ಟೆಯ ಗಂಟನ್ನು ಒತ್ತಿ ನೋಡಿಕೊಂಡರು. ಅದಿತ್ತು.

ಆ ದಡ. ಒದ್ದೆ ಬಟ್ಟೆಯಲ್ಲೇ ಕಾಡು ಹೊಕ್ಕಾಯಿತು.

ಫೆಬ್ರವರಿ ಮುಗಿಯುವ ಹೊತ್ತಿನ ಕುರುಚಲು ಕಾಡು ಕಣ್ಣಿಗೆ ತಂಪಲ್ಲ. ಎಲೆ ಉದುರಿದೆ, ಬಿದಿರು ಒಣಗಿದೆ, ಮುತ್ತುಗದ ಮರಗಳಲ್ಲಿ ಮಾತ್ರ ಕೆಂಪು. ದಾರಿಯ ದೂಳು ಒದ್ದೆ ಪಾದಕ್ಕೆ ಮೆತ್ತಿ ಅರ್ಧ ಗಂಟೆಯಲ್ಲಿ ಒಣಗಿ ಬಿರಿಯುತ್ತದೆ. ನೀವು ಮೊದಲ ಬಾರಿಯ ನಡಿಗೆಯವರಾದರೆ ಮಾಡುವ ತಪ್ಪು ಬೇಗ ಬೇಗ ನಡೆಯುವುದು. ಹುಡುಗರ ಗುಂಪು ಮೊಬೈಲಿನಲ್ಲಿ ಮಾದಪ್ಪನ ಹಾಡು ಹಾಕಿಕೊಂಡು ನಿಮ್ಮನ್ನು ದಾಟಿ ಓಡುತ್ತದೆ, ಇನ್ನೊಂದು ತಾಸಿಗೆ ಅದೇ ಹುಡುಗರು ಮರದ ಬುಡದಲ್ಲಿ ಕಾಲು ಚಾಚಿ ಬಿದ್ದಿರುತ್ತಾರೆ. ಅಜ್ಜಿ ಎರಡೂ ಸಲ ಒಂದೇ ವೇಗದಲ್ಲಿ ಹೋಗುತ್ತಾಳೆ.

ಆನೆ ಇರುವ ಕಾಡು, ಗುಂಪು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಬೋರ್‌ವೆಲ್ ಅಣ್ಣನೂ ತಂಡದ ಹಿಂದೆಯೇ ಬರುತ್ತಿದ್ದಾರೆ, ಯಾರೋ ಕೊಟ್ಟ ಲುಂಗಿ ಉಟ್ಟು. ತಂಡದ ಮುಂದೆ ಗುಡ್ಡಪ್ಪ. ಮಾದಪ್ಪನ ದೀಕ್ಷೆ ಪಡೆದ ದೇವರಗುಡ್ಡ ಈತ. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಬೆತ್ತ. ಜೋಳಿಗೆಯಲ್ಲಿ ಕಂಸಾಳೆ: ಎಡಗೈಗೆ ಬಟ್ಟಲಿನಂಥ ಕಂಚಿನ ತಾಳ, ಬಲಗೈಗೆ ಗೊಂಡೆ ಕಟ್ಟಿದ ಚಪ್ಪಟೆ ತಾಳ. ನೆರಳು ಸಿಕ್ಕಲ್ಲೆಲ್ಲ ಕೂತು, ಒಂದು ಸಲ ಕಂಸಾಳೆ ತಟ್ಟಿ, ಕಥೆಯನ್ನು ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಎತ್ತಿಕೊಳ್ಳುತ್ತಾನೆ.

ಮಾದಪ್ಪನ ಕಾವ್ಯ ದೊಡ್ಡದು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಅಚ್ಚಿಗೆ ತಂದದ್ದನ್ನು ಕೈಯಲ್ಲಿ ಹಿಡಿದರೆ ದಪ್ಪಕ್ಕೇ ಅಳುಕಾಗುತ್ತದೆ. ಆದರೆ ಕಾಡಿನ ದಾರಿಯಲ್ಲಿ ಕೇಳುವಾಗ ಅದು ಪುಸ್ತಕವಲ್ಲ, ಒಂದೊಂದು ನೆರಳಿಗೆ ಒಂದೊಂದು ಕಥೆ. ಈಗಿನ ನೆರಳಿಗೆ ಬಂದದ್ದು ಬೇವಿನಹಟ್ಟಿ ಕಾಳಮ್ಮ. ಏಳು ಗಂಡುಮಕ್ಕಳು, ಏಳು ಸೊಸೆಯರು, ಲೆಕ್ಕವಿಲ್ಲದ ಸಿರಿ. ನನ್ನ ಮನೆಗೆ ಯಾವ ದೇವರು ಬಂದು ಏನು ಮಾಡಬೇಕಿದೆ ಅನ್ನುವವಳು. ಜಂಗಮನಾಗಿ ಬಾಗಿಲಿಗೆ ಬಂದ ಮಾದಪ್ಪನಿಗೆ ಭಿಕ್ಷೆ ಇಲ್ಲ ಎಂದಳು. ಆ ಸಿರಿ ಉಳಿಯಲಿಲ್ಲ.

ಕಥೆ ಕೇಳಿ ಹುಡುಗರು ‘ಉಘೇ’ ಅಂದರು. ಅಣ್ಣ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಒಂದ್ ಹಿಡಿ ರಾಗಿ ಕೊಡ್ನಿಲ್ಲ ಅಂತ ಮನೆ ಹಾಳ್ ಮಾಡೋ ದೇವ್ರು ಎಂಥ ದೇವ್ರು ಗುಡ್ಡಪ್ಪ?”

ಗುಡ್ಡಪ್ಪನಿಗೆ ಸಿಟ್ಟು ಬರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ, “ಅಂವ ರಾಗಿಗ್ ಬಂದಿದ್ನ? ರಾಗಿ ಬೇಕಿದ್ರೆ ಸುತ್ತೂರ್ ಮಠ್ದಲ್ಲಿ ತಾನೇ ಬೀಸಿದ್ನಲ್ಲ, ಖಂಡುಗಗಟ್ಲೆ.”

ಈ ಉತ್ತರ ಅಲ್ಲಿಗೆ ಪೂರ್ತಿ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕಾವ್ಯದಲ್ಲಿ ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸಿದವನು ಹೌದು. ಮೈಬಗ್ಗಿಸಿ ದುಡಿಯುವುದು ಅವನಿಗೆ ಕೀಳಲ್ಲ. ದುಡಿಮೆಯನ್ನು ಹೀಗಳೆಯುವ ದೇವರನ್ನು ಈ ಸೀಮೆಯ ರೈತರು, ಕುರುಬರು, ಸೋಲಿಗರು ಇಷ್ಟು ಕಾಲ ಹೊತ್ತು ತಿರುಗುತ್ತಿರಲಿಲ್ಲ. ನನಗೆ ಈ ಕಾವ್ಯದಲ್ಲಿ ಮತ್ತೆ ಮತ್ತೆ ಬೆರಗು ಹುಟ್ಟಿಸುವುದು ಬೇರೆ ಸಂಗತಿ. ಈ ದೇವರು ಕೂತಲ್ಲಿ ಕೂತು ಭಕ್ತರಿಗೆ ಕಾಯುವವನಲ್ಲ. ಊರೂರು ತಿರುಗಿ ಒಕ್ಕಲು ಹುಡುಕುತ್ತಾನೆ, ಅದರಲ್ಲೂ ಯಾರ ಹಂಗೂ ಬೇಡವೆಂದು ಬಾಗಿಲು ಹಾಕಿಕೊಂಡವರ ಮನೆಯನ್ನೇ ಆರಿಸಿಕೊಳ್ಳುತ್ತಾನೆ. ಆಲಂಬಾಡಿಯ ಜುಂಜೇಗೌಡನಂಥ ಸಿರಿವಂತ ಕೊನೆಗೆ ಅವನ ಗುಡಿ ಕಟ್ಟಿಸಿದ. ನಾವು ‘ದೇವರ ಕಡೆಗೆ ಮರಳಿದೆ’ ಎಂದು ಹೇಳಿಕೊಳ್ಳುವಾಗ ದಾರಿ ನಡೆದವರು ನಾವೇ ಎಂಬ ಸಣ್ಣ ಹೆಮ್ಮೆ ಅದರಲ್ಲಿ ಇರುತ್ತದೆ. ಕಂಸಾಳೆಯವರು ಅಷ್ಟನ್ನೂ ಬಿಟ್ಟುಕೊಡುವುದಿಲ್ಲ.

ಸಂಜೆಗೆ ಶಾಗ್ಯದ ಕಡೆಗೆ ಕಾಡು ಸಡಿಲವಾಗುತ್ತದೆ. ಮೊದಲು ಹೊಲ, ಆಮೇಲೆ ನಾಯಿ, ಆಮೇಲೆ ಮನೆ. ಊರಿನವರು ಬೀದಿಗೆ ಕೊಳದಪ್ಪಲೆ ತಂದಿಟ್ಟು ಮಜ್ಜಿಗೆ ಕೊಡುತ್ತಿದ್ದಾರೆ. ಕುಡಿದು ಎಸೆದ ಲೋಟ ದಾರಿಯ ಎರಡೂ ಕಡೆ ಬಿದ್ದಿವೆ. ಬೇಡ ಬೇಡವೆಂದು ಎಷ್ಟು ಫಲಕ ಹಾಕಿದರೂ ಪ್ಲಾಸ್ಟಿಕ್ಕು ಕಾಡಿನವರೆಗೂ ಬಂದಿದೆ, ಹೊಳೆಯಲ್ಲಿ ಬಿಟ್ಟುಬಂದ ಬಟ್ಟೆಗಳದ್ದು ಇನ್ನೊಂದು ರಾಶಿ. ಬರಿಗಾಲಲ್ಲಿ ನಡೆದು ಪುಣ್ಯ ಕಟ್ಟಿಕೊಳ್ಳುವವರು ಆನೆಯ ಹೊಟ್ಟೆಗೆ ಕಸ ಹಾಕಿ ಹೋಗುವುದನ್ನು ಯಾವ ದೇವರೂ ಮೆಚ್ಚಲಾರ. ಅಜ್ಜಿ ತನ್ನ ಲೋಟವನ್ನು ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ಟೀಲಿನದು. ಮನೆಯಿಂದ ತಂದದ್ದು.

ರಾತ್ರಿ ಜಗಲಿಯೊಂದರ ಮೇಲೆ ಮಲಗುವ ವ್ಯವಸ್ಥೆ. ನಿದ್ದೆ ಯಾರಿಗೂ ಬರುತ್ತಿಲ್ಲ. ಕಾಲು ಸಿಡಿಯುವಾಗ ಮಾತು ತಾನಾಗಿ ಬರುತ್ತದೆ. ಯಾರೂ ಕೇಳದಿದ್ದರೂ ಬೋರ್‌ವೆಲ್ ಅಣ್ಣ ಸೊಂಟದ ಹಳದಿ ಗಂಟನ್ನು ಬಿಚ್ಚಿ, ಒಣಗಲೆಂದು ಎದುರಿಗಿಟ್ಟು, ಮಾತು ಶುರು ಮಾಡಿದರು.

ಅಪ್ಪ ವರ್ಷಾವರ್ಷ ಈ ದಾರಿ ನಡೆದವರಂತೆ. ಮನೆಯ ದೇವರ ಗೂಡಿನಲ್ಲಿ ಮಾದಪ್ಪನ ಮುಡಿಪು. ಸುಗ್ಗಿ ಆದಾಗ, ಹಸು ಕರು ಹಾಕಿದಾಗ, ರೇಷ್ಮೆಗೂಡು ಒಳ್ಳೆ ರೇಟಿಗೆ ಹೋದಾಗ ಅದಕ್ಕೊಂದು ಕಾಸು. ಅಪ್ಪ ಸತ್ತ ಮೇಲೆ ಇವರು ನಡೆಯಲಿಲ್ಲ. ರೇಷ್ಮೆ ಬಿಟ್ಟು ಬೋರ್‌ವೆಲ್ ರಿಗ್ಗಿಗೆ ಏಜೆಂಟಾದರು, ಆಮೇಲೆ ಪಾಲುದಾರ, ಆಮೇಲೆ ಸ್ವಂತ ಗಾಡಿಗಳು. ಪಾಯಿಂಟ್ ತೋರಿಸಲು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಓಡಾಡುವವರನ್ನು ಕಂಡರೆ ನಗು. ಊದುಬತ್ತಿ ಹಚ್ಚಿ ರಿಗ್ಗಿಗೆ ಪೂಜೆ ಮಾಡಿ ಎಂದ ರೈತನಿಗೆ, “ನೀರು ಬರೋದು ಕಂಪ್ರೆಸರಿಂದ, ಊದುಬತ್ತಿಯಿಂದಲ್ಲ” ಅಂದಿದ್ದರಂತೆ. ಆ ಮಾತು ತಾಲ್ಲೂಕಿನಲ್ಲೆಲ್ಲ ಹರಡಿ, ಇವರಿಗೆ ಹೆಸರು ಕೂಡ ತಂದುಕೊಟ್ಟಿತು.

“ಸುಳ್ಳೇನೂ ಅಲ್ಲ ಅದು,” ಅಂದರು. “ಈಗ್ಲೂ ಅಷ್ಟೇ. ಕಂಪ್ರೆಸರ್ ಇಲ್ದೆ ನೀರ್ ಬರಲ್ಲ.”

ಆದರೆ ಕಂಪ್ರೆಸರ್ ಇದ್ದೂ ಬರದ ವರ್ಷ ಬಂತು. ಸೀಮೆಯ ಕಲ್ಲು ಗಟ್ಟಿ, ನೀರಿರುವುದು ಬಿರುಕುಗಳಲ್ಲಿ. ಬಿರುಕೂ ಒಣಗಿದರೆ ಎಷ್ಟು ಅಡಿ ಇಳಿದರೂ ಮೇಲೆ ಬರುವುದು ಬಿಳೀ ಹಿಟ್ಟಿನಂಥ ಕಲ್ಲುದೂಳು. ಊರಿನವರ ಜಮೀನಿನಲ್ಲಿ ದೂಳು ಬಂದಾಗ ಅಡಿಗಿಷ್ಟು ಎಂದು ಬಿಲ್ಲು ಬರೆದು ಕೊಟ್ಟವರು ಇವರು. ಈಗ ಸ್ವಂತ ತೋಟದಲ್ಲಿ ಕೊರೆದರು. ಒಂದು ಕಡೆ ದೂಳು. ಜಾಗ ಬದಲಿಸಿದರು, ಮತ್ತೆ ದೂಳು. ಹಟಕ್ಕೆ ಬಿದ್ದು ಸಾವಿರ ಅಡಿ ದಾಟಿಸಿದರು. ಡೀಸೆಲ್ಲು ಸಾಲ, ಕೇಸಿಂಗ್ ಪೈಪ್ ಸಾಲ, ಗಾಡಿಗಳ ಕಂತು. ಒಂದೊಂದಾಗಿ ರಿಗ್ಗುಗಳು ಫೈನಾನ್ಸಿನವರ ಅಂಗಳ ಸೇರಿದವು. ತೋಟ ಒಣಗಿತು. ಹಾರ್ಟಿಗೆ ಒಂದು ಸ್ಟೆಂಟೂ ಬಿತ್ತು.

ಇಷ್ಟನ್ನು ಇವರು ಸಿಮೆಂಟು ಚೀಲದ ಲೆಕ್ಕ ಒಪ್ಪಿಸಿದಷ್ಟೇ ಸಲೀಸಾಗಿ ಹೇಳಿ ಮುಗಿಸಿದರು. ದನಿ ತಗ್ಗಿದ್ದು ಮುಂದಿನ ಮಾತಿಗೆ.

ಕೊನೆಯ ಗಾಡಿಯೂ ಹೋದಾಗ ಛತ್ತೀಸಗಢದ ನಾಲ್ಕು ಹುಡುಗರು ಇವರ ಶೆಡ್ಡಿನಲ್ಲಿ ಉಳಿದಿದ್ದರು. ಸಂಬಳ ಹೇಗೋ ಚುಕ್ತಾ ಆಗಿತ್ತು, ಅದನ್ನೆಲ್ಲ ಅವರು ಆಗಲೇ ಊರಿಗೆ ಕಳಿಸಿದ್ದರು. ಈಗ ರೈಲಿನ ಖರ್ಚಿಗೆ ಕಾಸಿಲ್ಲ. ಇವರ ಜೇಬಿನಲ್ಲೂ ಇಲ್ಲ, ಕೇಳಿದರೆ ಕೊಡುವವರೂ ಉಳಿದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ದೇವರ ಗೂಡಿಗೆ ಕೈ ಹಾಕಿದರು. ಅಪ್ಪನ ಕಾಲದ ಚಿಲ್ಲರೆ ಇರುತ್ತದೆ, ನಾಲ್ಕಾರು ನೂರು ಸಿಕ್ಕೀತು ಅನ್ನುವ ಲೆಕ್ಕ. ಬಿಚ್ಚಿದರೆ ಒಳಗೆ 2011ರಲ್ಲೇ ಚಲಾವಣೆ ನಿಂತುಹೋದ ನಾಲ್ಕಾಣೆಗಳು, ಅವುಗಳ ಮೇಲೆ ಹೊಸ ನೋಟುಗಳು. ನೂರರದ್ದು, ಇನ್ನೂರರದ್ದು, ಐನೂರರದ್ದು. ಮಡಚಿ ಮಡಚಿ ಇಟ್ಟದ್ದು.

“ನಮ್ಮನೆಯವ್ಳು,” ಅಂದರು. “ಡೈರಿ ಹಾಲಿನ ದುಡ್ಡು. ನಾನು ಗಾಡಿ ತಂದಾಗ್ಲೆಲ್ಲ ಹಾಕವ್ಳೆ. ನಂಗ್ ಹೇಳಿಲ್ಲ, ಹೇಳಿದ್ರೆ ನಗ್ತಿದ್ದೆ ಅಂತ.”

ನೋಟು ಎಣಿಸಿ ತೆಗೆದುಕೊಂಡು, ನಾಲ್ಕಾಣೆಗಳನ್ನು ಮತ್ತೆ ಕಟ್ಟಿ ಇಟ್ಟರು. ಹುಡುಗರನ್ನು ರೈಲು ಹತ್ತಿಸಿದರು. ಆವತ್ತಿನಿಂದ ಇವರ ತಲೆಯಲ್ಲಿ ಇದ್ದದ್ದು ಬ್ಯಾಂಕಿನ ಸಾಲವಲ್ಲ, ಫೈನಾನ್ಸಿನದ್ದಲ್ಲ. ಹಾಗೂ ಹೀಗೂ ಕೂಲಿ ಲೆಕ್ಕದಲ್ಲಿ ಮೇಸ್ತ್ರಿ ಕೆಲಸ ಮಾಡಿ ಅಷ್ಟೂ ದುಡ್ಡನ್ನು ಕೂಡಿಸಿ ಅದೇ ಹಳದಿ ಬಟ್ಟೆಗೆ ಹಾಕಿದ್ದಾರೆ. ಅದನ್ನು ಒಪ್ಪಿಸಲು ಹೊರಟದ್ದು ಇದು. “ಬಸ್ಸಲ್ಲಿ ಹೋಗಿ ಹುಂಡಿಗಾಕಿ ಬಂದ್ಬುಡೋಣ ಅಂದ್ಕಂಡೆ. ಮನ್ಸು ಒಪ್ಲಿಲ್ಲ. ಅಪ್ಪ ನಡ್ಕಂಡೋಗಿ ಕೊಡ್ತಿದ್ದ ದುಡ್ಡಲ್ವಾ.”

ಗುಡ್ಡಪ್ಪ ಕತ್ತಲಲ್ಲಿ ಎದ್ದು ಕೂತ. “ಅಲ್ಲ ಕಣಪ್ಪ, ನೀ ತಕ್ಕಂಡಿದ್ದು ಅಂತ ಯಾಕಂತೀಯ? ದಿಕ್ಕಿಲ್ದಿರೋ ಹೈಕಳ ಊರಿಗ್ ಸೇರ್ಸಕ್ಕೆ ಮಾದಪ್ಪನೇ ಬುಚ್ಚಿದ್ದು ಆ ಗಂಟ. ನಿನ್ ಕೈಲಿ ಬುಚ್ಚುಸ್ದ. ಅದು ಸಾಲ ಅಲ್ವೇ ಅಲ್ಲ.”

ಒಳ್ಳೆಯ ಮಾತು. ಕೇಳಿದವರ ಕಣ್ಣು ತುಂಬುವಂಥದ್ದು. ಮೂಲೆಯಲ್ಲಿ ಮಲಗಿದ್ದ ಅಜ್ಜಿ ಮಾತ್ರ ಮಗ್ಗುಲು ಬದಲಿಸದೆ ಅಂದಳು, “ನೀ ಸುಮ್ಕಿರು ಗುಡ್ಡಪ್ಪ. ಸಾಲ ಸಾಲವೇಯ. ತೀರುಸ್ಲಿ ಬುಡು. ಅದೂ ದೇವ್ರಿಗಿಂತ ಮುಂಚೆ ಆ ಹೆಣ್ಣುಮಗ್ಳದ್ದು.”

ನಾನು ಅಜ್ಜಿಯ ಕಡೆ. ತಪ್ಪಿಗೆ ದೇವರ ಲೀಲೆಯ ಬಣ್ಣ ಹಚ್ಚಿದರೆ ತಪ್ಪು ಮಾಡಿದವನಿಗೆ ಹಗುರವಾಗಬಹುದು, ಆದರೆ ತೀರಿಸುವುದಕ್ಕೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಣ್ಣನೂ ಬಹುಶಃ ಹಾಗೇ ಅಂದುಕೊಂಡಿರಬೇಕು. ಗಂಟನ್ನು ಮತ್ತೆ ಸೊಂಟಕ್ಕೆ ಕಟ್ಟಿ ಮಲಗಿದವರು ಗೊರಕೆ ಹೊಡೆದರು.

ಮರುದಿನ ಟಾರು ರಸ್ತೆ. ಕಾಡಿನ ಕಲ್ಲಿಗಿಂತ ಕಷ್ಟದ್ದು ಇದೇ. ಹನ್ನೊಂದು ಗಂಟೆಗೆಲ್ಲ ಟಾರು ಕಾದು ಅಂಗಾಲು ಸುಡುತ್ತದೆ. ಬಿಳಿಯ ಪಟ್ಟೆಯ ಮೇಲೆ ಕಾಲಿಟ್ಟರೆ ಸ್ವಲ್ಪ ವಾಸಿ, ಹಾಗಾಗಿ ರಸ್ತೆಯಂಚಿನ ಆ ಒಂದು ಗೆರೆಯ ಮೇಲೆ ಸಾಲಾಗಿ ಎಲ್ಲರ ಹೆಜ್ಜೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಈ ಹೊತ್ತಿಗೆ ಸರಿಯಾಗಿ ಗುಡ್ಡಪ್ಪ ಶ್ರವಣದೊರೆಯ ಕಥೆ ತೆಗೆಯುತ್ತಾನೆ. ಬಂಕಾಪುರಿಯಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಂಡವನು ಶ್ರವಣ. ದೇವರನ್ನು ನಂಬದೆ ಇರುವುದಲ್ಲ, ದೇವರಿಂದಲೇ ಕೆಲಸ ತೆಗೆಯುವುದು. ಅಂಥವನನ್ನು ಮಾದಪ್ಪ ಕತ್ತಿಯಿಂದ ಕೊಲ್ಲಲಿಲ್ಲ, ಹರಳಯ್ಯನ ಕೈಲಿ ಮೆಟ್ಟು ಮಾಡಿಸಿ ತೊಡಿಸಿದ. ಆ ಮೆಟ್ಟು ಉರಿದು ಶ್ರವಣ ಹೋದ. ಕಥೆ ಮುಗಿಯುವ ಹೊತ್ತಿಗೆ ನಿಮಗೆ ನಿಮ್ಮ ಬರಿಗಾಲು ಅಷ್ಟೇನೂ ಕೆಟ್ಟದ್ದು ಅನ್ನಿಸುವುದಿಲ್ಲ. ಗುಡ್ಡಪ್ಪನ ಉದ್ದೇಶವೂ ಅದೇ ಇದ್ದೀತು.

ಹೇಗಾದರೂ ಸರಿ, ಶ್ರವಣ ಹೊಸಬನೇನಲ್ಲ. ಹರಕೆ ಹೊತ್ತು ನಡೆಯುವ ನಮ್ಮ ಸಾಲಿನಲ್ಲೇ ಎಷ್ಟೋ ಜನ ಅವನ ನೆಂಟರು. ಸೈಟು ಆಗಲಿ, ಟೆಂಡರು ಆಗಲಿ, ಸೀಟು ಸಿಗಲಿ ಎಂದು ನಡೆಯುವಾಗ ನಾವೂ ದೇವರನ್ನು ಕೆಲಸಕ್ಕೇ ಇಟ್ಟುಕೊಳ್ಳಲು ನೋಡುತ್ತೇವೆ. ಸ್ವಂತ ಬಲ ನೆಚ್ಚಿದವನು ಒಂದು ದಿನ ಸೋಲುತ್ತಾನೆ, ಸೋತು ಬಾಗುತ್ತಾನೆ. ದೇವರನ್ನೇ ತನ್ನ ಬಲಕ್ಕೆ ಸೇರಿಸಿಕೊಂಡವನಿಗೆ ಸೋಲೂ ಬೇಗ ಗೊತ್ತಾಗುವುದಿಲ್ಲ.

ಕೌದಳ್ಳಿ. ರಸ್ತೆಯ ಇಕ್ಕೆಲದಲ್ಲೂ ಶಾಮಿಯಾನ. ಅನ್ನದಾನದ ಸಾಲು. ಪುಳಿಯೋಗರೆ, ಮೊಸರನ್ನ, ಕಲ್ಲಂಗಡಿ ಹೋಳು, ಪಾನಕ. ಬಡಿಸುವವರು ಯಾವುದೋ ಊರಿನ ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದವರು. ನೀವು ತಟ್ಟೆ ಹಿಡಿದು ನಿಂತಿದ್ದೀರಿ, ಅಣ್ಣ ನಿಂತಿಲ್ಲ. ಆಚೆ ಹೋಟೆಲಿನ ಕಡೆ ಹೋಗಿ, ಅಲ್ಲಿ ನೂಕುನುಗ್ಗಲು ನೋಡಿ ವಾಪಸು ಬಂದರು. ಕೊನೆಗೆ ಸಾಲಿನಲ್ಲಿ ನಿಂತು, ತಟ್ಟೆಗೆ ಅನ್ನ ಬಿದ್ದ ಕೂಡಲೇ ಜೇಬಿನಿಂದ ಐವತ್ತರ ನೋಟು ತೆಗೆದು ಬಡಿಸುವ ಹೆಂಗಸಿನ ಕಡೆ ಚಾಚಿದರು.

“ಏನಣ್ಣ ಇದು?”

“ಇರ್ಲಿ ತಗೋಮ್ಮ. ಅಕ್ಕಿ ಖರ್ಚಿಗೆ.”

“ದುಡ್ಗೆ ಮಾರಕ್ಕೆ ಇಟ್ಟಿಲ್ಲ ಅಣ್ಣ. ಉಣ್ಣು. ಸಾಲ್ದಿದ್ರೆ ಇನ್ನೊಂದ್ಸಲ ಬಾ.” ಅವಳ ಸೌಟು ಆಗಲೇ ಹಿಂದಿನವರ ತಟ್ಟೆಯ ಮೇಲಿತ್ತು.

ಐವತ್ತರ ನೋಟು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ. ಹೊಳೆಯಲ್ಲಿ ಬಿದ್ದಾಗಲೂ ಆ ಮುಖದಲ್ಲಿ ಕಾಣದ ಗಲಿಬಿಲಿ ಈಗ ಕಾಣುತ್ತಿದೆ. ಕೊಟ್ಟು ಅಭ್ಯಾಸವಿದ್ದವರಿಗೆ ತೆಗೆದುಕೊಳ್ಳುವುದು ಬರುವುದಿಲ್ಲ. ಕೊಡುವವನ ಕೈ ಮೇಲೆ, ಅದರ ರುಚಿ ಬೇರೆ. ಅಣ್ಣ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಉಂಡರು. ಆಮೇಲೆ ಎದ್ದು ಹೋಗಿ ಎರಡನೇ ಸಲ ತಟ್ಟೆ ಹಿಡಿದರು. ಆ ಹೆಂಗಸು ನಗುತ್ತಾ ಒಂದು ಸೌಟು ಹೆಚ್ಚಿಗೆ ಹಾಕಿದಳು.

ಕೋಣನಕೆರೆ ದಾಟಿ ತಾಳಬೆಟ್ಟ ಸೇರುವಷ್ಟರಲ್ಲಿ ಕತ್ತಲು. ಇಲ್ಲಿಂದ ಬೆಟ್ಟ. ಬುಡದ ಗುಡಿಯ ಮುಂದೆ ತೆಂಗಿನಕಾಯಿ ಒಡೆಯುವ ಸದ್ದು ನಿಲ್ಲುವುದೇ ಇಲ್ಲ. ಕರ್ಪೂರ, ಸಾಂಬ್ರಾಣಿ ಧೂಪ, ಬಸ್ಸಿನ ಡೀಸೆಲ್ಲು, ಬಾಳೆಹಣ್ಣು, ಬೆವರು, ಎಲ್ಲ ಸೇರಿ ಒಂದೇ ವಾಸನೆ. ಬಸ್ಸುಗಳು ತಿರುವು ತಿರುವಾಗಿ ಮೇಲೇರುತ್ತವೆ, ನಡೆಯುವವರಿಗೆ ಕಡಿದಾದ ಕಾಲುದಾರಿ. ಹೆಗಲ ಮೇಲೆ ಮಗು ಕೂರಿಸಿಕೊಂಡ ತಂದೆ, ಇಬ್ಬರು ಮಕ್ಕಳ ಭುಜದ ಮೇಲೆ ಕೈಯಿಟ್ಟ ಮುದುಕ, ಕಾಲಿಗೆ ಬಟ್ಟೆ ಸುತ್ತಿಕೊಂಡ ಕಾಲೇಜು ಹುಡುಗಿ. ಟಾರ್ಚಿನ ಬೆಳಕಿನಲ್ಲಿ ನಿಮಗೆ ಕಾಣುವುದು ಮುಂದಿನವರ ಹಿಮ್ಮಡಿ ಮಾತ್ರ. ಉಸಿರು ಮೇಲೆ ಬಂದು ನಿಂತಾಗ ಹಿಂದಿನಿಂದ ಒಂದು ‘ಉಘೇ’ ಬರುತ್ತದೆ. ಉತ್ತರ ಕೊಡಬೇಕಾದರೆ ಎದೆ ತುಂಬ ಗಾಳಿ ಎಳೆದುಕೊಳ್ಳಲೇಬೇಕು, ಎಳೆದುಕೊಂಡರೆ ಇನ್ನು ಹತ್ತು ಮೆಟ್ಟಿಲು ಆಗುತ್ತದೆ. ಈ ಕೂಗನ್ನು ಕಟ್ಟಿದವರಿಗೆ ಬೆಟ್ಟ ಹತ್ತುವುದು ಗೊತ್ತಿತ್ತು.

ಅಣ್ಣ ಬಲಗೈಯನ್ನು ಎದೆಗೆ ಒತ್ತಿ ನಿಂತರು. ಸ್ಟೆಂಟಿನ ನೆನಪಾಗಿ ಎಲ್ಲರೂ ನಿಂತರು. ಮಾತ್ರೆ ಡಬ್ಬಿ ಕಾವೇರಿಯ ಪಾಲಾಗಿ ಆಗಲೇ ಎಷ್ಟು ಹೊತ್ತಾಗಿತ್ತು! ಹುಡುಗನೊಬ್ಬ ಓಡಿಹೋಗಿ ಕೆಳಗಿನ ಆರೋಗ್ಯ ಇಲಾಖೆಯ ಟೆಂಟಿನಿಂದ ನರ್ಸಮ್ಮನನ್ನೇ ಕರೆತಂದ. ಬಿಪಿ ನೋಡಿ, ಮಾತ್ರೆ ಕೊಟ್ಟು, ಬೈದಳು: “ಬಸ್ಸಲ್ಲಿ ಹೋಗಿ ಯಜಮಾನ್ರೇ. ದೇವರೇನು ನಿಮ್ಮ ಟಿಕೆಟ್ ನೋಡಲ್ಲ.”

ಎಲ್ಲರೂ ಅಣ್ಣನ ಮುಖ ನೋಡಿದರು. ಹೊಳೆಯಲ್ಲಿ ಕಂಡ ಆಳಾಗಿದ್ದರೆ ಆಗುತ್ತೆ ಬಿಡಿ ಎಂದು ಮೇಲೆದ್ದು ನಡೆಯಬೇಕಿತ್ತು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತಮ್ಮ” ಅಂದರು. ಅಜ್ಜಿ ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದಳು. ಅರ್ಧ ದಾರಿಯ ನಡಿಗೆಗೆ ಅರ್ಧ ಪುಣ್ಯವಾ ಎಂದು ಹುಡುಗನೊಬ್ಬ ಗುಡ್ಡಪ್ಪನನ್ನು ಕೇಳಿದ. ಗುಡ್ಡಪ್ಪ ಬೆತ್ತ ಎತ್ತಿದ. ಹುಡುಗ ನಗುತ್ತಾ ಮೇಲಕ್ಕೆ ಓಡಿದ.

ನೀವು ಮೇಲೆ ತಲುಪುವಾಗ ಬೆಳಗಾಗುತ್ತಿದೆ. ದೀಪದಗಿರಿ ಒಡ್ಡಿನ ಮೇಲೆ ಹುಲಿಯೇರಿದ ಮಾದಪ್ಪನ 108 ಅಡಿಯ ಪ್ರತಿಮೆ, 2023ರಲ್ಲಿ ಉದ್ಘಾಟನೆಯಾದದ್ದು. ಸುತ್ತಲೂ ಸೆಲ್ಫಿಯವರು. ಅಲ್ಲಿಂದ ಆಚೆಗೆ, ಕಣ್ಣು ಹೋದಷ್ಟು ದೂರ, ಒಂದರ ಹಿಂದೊಂದು ಮಲೆ. ಎಪ್ಪತ್ತೇಳು ಎನ್ನುತ್ತಾರೆ. ಅಂತರಗಂಗೆಯಲ್ಲಿ ಮುಳುಗಿ ಎದ್ದವರ ಒದ್ದೆ ಹೆಜ್ಜೆಗಳು ಗುಡಿಯವರೆಗೂ. ಮುಡಿ ಕೊಟ್ಟು ನುಣ್ಣಗಾದ ತಲೆಗಳಿಗೆ ಗಂಧ. ಪೂಜೆಯ ಹಕ್ಕು ಇಲ್ಲಿ ಬೇಡಗಂಪಣರದು. ಇದೇ ಮಲೆಗಳ ಜನ ಅವರು.

ಅಣ್ಣ ಎಲ್ಲಿ ಎಂದು ಹುಡುಕಿದರೆ ಗುಡಿಯ ಹೊರಗಿನ ಬೀದಿಯಲ್ಲಿ ಬಗ್ಗಿ ಕಸ ಹೊಡೆಯುತ್ತಿದ್ದಾರೆ. ಇದೂ ಇಲ್ಲಿನ ಸೇವೆ. ರಜ ಹೊಡೆಯುವುದು. ಅಂಗಡಿಯಲ್ಲಿ ಪುಟ್ಟ ಪೊರಕೆ ಸಿಗುತ್ತದೆ, ಕೊಂಡು ಗುಡಿಯ ಸುತ್ತ ಗುಡಿಸುತ್ತಾ ಬರಬೇಕು. ಎಷ್ಟು ದೊಡ್ಡ ಮನುಷ್ಯನಾದರೂ ಆ ಪೊರಕೆಯ ಗಾತ್ರಕ್ಕೆ ಸೊಂಟ ಪೂರ್ತಿ ಬಗ್ಗಲೇಬೇಕು. ಅಣ್ಣ ಗುಡಿಸುತ್ತಿರುವ ರೀತಿ ಹರಕೆಯವರದ್ದಲ್ಲ, ಕೆಲಸದವರದ್ದು. ಮೂಲೆ ಮೂಲೆಗೂ ಹೋಗಿ, ಪ್ಲಾಸ್ಟಿಕ್ ಲೋಟಗಳನ್ನು ಬೇರೆ ಮಾಡಿ, ಬಾಳೆಹಣ್ಣಿನ ಸಿಪ್ಪೆ ಒಂದು ಕಡೆ ಗುಡ್ಡೆ ಹಾಕಿ. ಅದೇ ತೋಳು, ಅದೇ ಬೆನ್ನು. ಯಾತಕ್ಕೂ ಬಾರದೆಂದು ಇವರು ಅವನ್ನು ಎಲ್ಲೂ ಬಿಟ್ಟು ಬಂದಿಲ್ಲ.

ದರ್ಶನದ ಸಾಲು ಹೊತ್ತೇರಿದಂತೆ ಉದ್ದವಾಯಿತು. ಕಬ್ಬಿಣದ ಕಟಕಟೆಯೊಳಗೆ ಅಡಿ ಅಡಿ ಸರಿದು, ಕೊನೆಗೆ ಲಿಂಗದ ಮುಂದೆ ನಿಮಗೆ ಸಿಗುವುದು ಒಂದು ಉಸಿರಿನಷ್ಟು ಹೊತ್ತು. ‘ಮುಂದಕ್ಕೆ, ಮುಂದಕ್ಕೆ’ ಎನ್ನುವ ಕೈ ಆಗಲೇ ಬೆನ್ನ ಮೇಲೆ. ಹಣೆಗೆ ವಿಭೂತಿ. ಹೊರಬಂದು ಹುಂಡಿ. ಎಣಿಕೆಯ ದಿನ ಕೋಟಿ ದಾಟುವ ಹುಂಡಿ ಇದು. ಅಣ್ಣ ಹಳದಿ ಗಂಟನ್ನು ಬಿಚ್ಚದೆ ಹಾಗೇ ಹಾಕಲು ಹೋದರು. ಸೀಳು ಕಿರಿದು, ಗಂಟು ಹೋಗಲಿಲ್ಲ. ನಿಂತಲ್ಲೇ ಬಿಚ್ಚಿ, ನೋಟುಗಳನ್ನು ಹಾಕಿ, ನಾಲ್ಕಾಣೆಗಳನ್ನು ಒಂದೊಂದಾಗಿ ಬಿಟ್ಟರು. ಹಿಂದಿನವರು ಬೇಸರಪಟ್ಟುಕೊಂಡರು. ಚಲಾವಣೆ ಇಲ್ಲದ ಕಾಸು ಎಂದು ಯಾರೋ ಹೇಳಿದರು. ಇವರು ತಿರುಗಿ ನೋಡಲಿಲ್ಲ.

ಲಾಡಿನ ಕೌಂಟರಿನ ಹತ್ತಿರ ಫೋನು ಬಂತು. ನಮ್ಮ ಹುಡುಗರ ಫೋನು, ಅಣ್ಣನದು ಹೊಳೆ ದಾಟುವ ಮೊದಲೇ ಸತ್ತಿತ್ತು. ಸ್ಪೀಕರಿನಲ್ಲಿ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

“ರೀ, ಎದೆನೋವು ಬಂತಂತೆ?”

“ಏನಿಲ್ಲ ಕಣೆ. ಬಸ್ಸಲ್ಲಿ ಬಂದೆ. ದರ್ಶನ ಆಯ್ತು.”

“ಗಂಟು?”

“ಹಾಕ್ದೆ. ನಿಂದೆಷ್ಟಿತ್ತೋ ಅಷ್ಟೂ ಹಾಕ್ದೆ.”

ಆ ಕಡೆ ಸ್ವಲ್ಪ ಹೊತ್ತು ಹಸುವಿನ ಕೊರಳಗಂಟೆ ಮಾತ್ರ. ಆಮೇಲೆ, “ಏನ್ ಬೇಡ್ಕಂಡ್ರಿ?”

ಅಣ್ಣ ಗುಡ್ಡಪ್ಪನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. “ಬೇಡ್ಕಳದ… ಮರ್ತೋಯ್ತು ಕಣೆ.”

“ಅಯ್ಯೋ ನಿಮ್ಮ! ಅಷ್ಟ್ ದೂರ ನಡ್ಕಂಡೋಗಿ, ಹೊಳೇಲಿ ಬಿದ್ದು, ಎದೆನೋವು ಬರ್ಸ್ಕಂಡು, ಒಂದ್ ಮಾತು ಕೇಳ್ಕಣಕ್ಕಾಗ್ಲಿಲ್ವಾ? ಯಾರ್ನೂ ಏನೂ ಕೇಳ್ದೇ ಇದ್ದು ಇದ್ದು ಬಾಯಿ ಬಿದ್ದೋಗದೆ ನಿಮ್ಗೆ. ಹಿಂದಕ್ಕೋಗಿ ಕೇಳ್ಕಂಡ್ ಬನ್ನಿ!”

ಹುಡುಗರು ಬಿದ್ದು ಬಿದ್ದು ನಕ್ಕರು. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆ ಉಗಿದು, ಆಗಬೇಕಾದ್ದೇ ಎಂಬಂತೆ ತಲೆಯಾಡಿಸಿದಳು. ಅಣ್ಣ ಫೋನನ್ನು ಹುಡುಗನ ಕೈಗೆ ಕೊಟ್ಟು, ಉಟ್ಟ ಲುಂಗಿ ಸರಿ ಮಾಡಿಕೊಂಡು, ಕಟಕಟೆಯ ಕಡೆ ನಡೆದರು. ಸಾಲು ಈಗ ಗುಡಿ ಸುತ್ತಿ, ಅಂಗಡಿ ಬೀದಿ ದಾಟಿ, ಬಸ್ ನಿಲ್ದಾಣದ ಕಡೆಗೆ ತಿರುಗಿದೆ.

“ಕೊನೆ ಎಲ್ಲಪ್ಪಾ?” ಎಂದು ಅಲ್ಲಿದ್ದವರನ್ನು ಕೇಳುತ್ತಾ ಹೋದರು.